ಪಾಚಿ ಹಿಡಿದ ಕಲ್ಲು

ನನ್ನ ಅಕ್ಕನಿಗೆ ಕುದಿಯುವ ನೀರಿನ ಮೇಲಿದ್ದಷ್ಟು ನಂಬಿಕೆ ಮನುಷ್ಯರ ಮೇಲೆ ಇರಲಿಲ್ಲ. ಮೂವತ್ತನಾಲ್ಕು ವರ್ಷ ಒಂದು ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಸಾಮಾನುಗಳನ್ನು ಶುದ್ಧಮಾಡುವ ಕೋಣೆಯನ್ನು ನೋಡಿಕೊಂಡವಳು ಅವಳು. ಕತ್ತರಿ, ಚಿಮುಟ, ಬಟ್ಟಲು, ಏನೇ ಬರಲಿ, ಮೊದಲು ತೊಳೆ, ಆಮೇಲೆ ಕುದಿಸು, ಆಮೇಲೆ ಹಬೆಗೆ ಹಾಕು. ನಮ್ಮ ಮನೆಗೆ ಬಂದ ಮೊದಲ ವಾರವೇ ಅದೇ ಕಾನೂನು ಜಾರಿಗೆ ಬಂತು. ಕೈ ಒರೆಸುವ ಬಟ್ಟೆ, ಲೋಟ, ಸೌಟು, ನನ್ನ ಬಾಚಣಿಗೆ ಎಲ್ಲವೂ ಒಂದು ಸುತ್ತು ಕುದ್ದು ಬಂದವು. ಬಾಚಣಿಗೆ ಬಾಗಿಹೋಗಿತ್ತು. "ಬಾಗಿದ್ರೇನು, ಶುದ್ಧ ಆಯ್ತಲ್ಲ" ಅಂದಳು. ಬಾಗಿಲ ಹಿಡಿ ಮಾತ್ರ ಉಳಿದುಕೊಂಡಿತು, ಅದನ್ನು ಕಳಚಲು ಅವಳಿಗೆ ಬರಲಿಲ್ಲ.

ಅಕ್ಕ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಡ್ಯೂಟಿ ಇತ್ತು" ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು. ನಿವೃತ್ತಳಾದ ಮೇಲೂ ನಾಲ್ಕನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಆಮೇಲೆ ಮಂಡಿ ಕೈಕೊಟ್ಟಿತು. ಆ ಕಟ್ಟಡದ ಲಿಫ್ಟು ಅದಕ್ಕೂ ಮೊದಲೇ ಕೈಕೊಟ್ಟಿತ್ತು. "ಇನ್ನೂ ಎಷ್ಟು ದಿನ ಅವರನ್ನ ಆ ಮೆಟ್ಟಿಲು ಹತ್ತಿಸ್ತೀರಿ? ಇಲ್ಲಿಗೇ ಕರ್ಕೊಂಡು ಬನ್ನಿ" ಅಂದವಳು ನನ್ನ ಹೆಂಡತಿಯೇ. ಇಬ್ಬರು ಹೆಂಗಸರ ಜಗಳದ ಕಥೆ ಕೇಳಲು ಕಿವಿ ನಿಮಿರಿಸಿದವರಿಗೆ ನಿರಾಶೆಯಾಗುತ್ತದೆ, ನಮ್ಮಲ್ಲಿ ಅದಿರಲಿಲ್ಲ. ಹೆಂಡತಿ ಹೊಲಿಗೆಯವಳು, ಅಕ್ಕ ಕುದಿಸುವವಳು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಡ್ಡ ಬರುತ್ತಿರಲಿಲ್ಲ.

ಅಕ್ಕನಿಗೆ ಇದ್ದದ್ದು ಒಂದೇ ಭಯ, ಅಮ್ಮನ ಹಾಗೆ ಆಗಿಬಿಡುತ್ತೇನೆ ಅನ್ನುವುದು. ಅಮ್ಮನಿಗೆ ಎಪ್ಪತ್ತು ದಾಟಿದ ಮೇಲೆ ಮರೆವು ಬಂತು. ಮೊದಲು ಕನ್ನಡಕ ಇಟ್ಟ ಜಾಗ ಮರೆತಳು, ಆಮೇಲೆ ಒಲೆ ಆರಿಸುವುದನ್ನು ಮರೆತಳು, ಆಮೇಲೆ ನಮ್ಮನ್ನು ಮರೆತಳು. ಮರೆತ ಜಾಗದಲ್ಲೆಲ್ಲ ತಾನೇ ಏನಾದರೂ ಕಟ್ಟಿಕೊಂಡು ಹೇಳುತ್ತಿದ್ದಳು. ಕೊನೆಯ ನಾಲ್ಕು ವರ್ಷ ನೋಡಿಕೊಂಡವಳು ಅಕ್ಕ. ನಾನು ಭಾನುವಾರ ಹೋಗಿ ಹಣ್ಣು ಕೊಟ್ಟು ಬರುವ ಮಗ. ಅಮ್ಮ ಅಕ್ಕನನ್ನು ನರ್ಸ್ ಎಂದುಕೊಂಡು "ನಿಮ್ಮ ಮನೇಲಿ ಯಾರ್ಯಾರು ಇದ್ದಾರಮ್ಮ?" ಎಂದು ದಿನಾ ಕೇಳುತ್ತಿದ್ದಳಂತೆ. ಅಕ್ಕ ದಿನಾ "ಒಬ್ಬ ತಮ್ಮ ಇದ್ದಾನೆ" ಎನ್ನುತ್ತಿದ್ದಳಂತೆ.

ಆದ್ದರಿಂದ ಅವಳು ಪ್ರತಿ ಬೆಳಿಗ್ಗೆ ಕಾಫಿಗೆ ಮೊದಲು ತನಗೆ ತಾನೇ ಪರೀಕ್ಷೆ ಇಟ್ಟುಕೊಳ್ಳುತ್ತಿದ್ದಳು. ಹೊಟ್ಟೆ ಆಪರೇಷನ್ನಿನ ಟ್ರೇಯಲ್ಲಿ ಯಾವುದರ ಪಕ್ಕ ಯಾವುದು ಇರಬೇಕು ಎಂದು ಎಡದಿಂದ ಬಲಕ್ಕೆ ಮೂವತ್ತೆಂಟು ಸಾಮಾನುಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುವುದು. "ದೊಡ್ಡ ಕತ್ತರಿ, ಸಣ್ಣ ಕತ್ತರಿ, ಬಾಗಿದ ಕತ್ತರಿ, ಹಲ್ಲಿನ ಚಿಮುಟ, ಹಲ್ಲಿಲ್ಲದ ಚಿಮುಟ..." ಒಂದೂ ತಪ್ಪುತ್ತಿರಲಿಲ್ಲ. ಮುಗಿದ ಮೇಲೆ ಗೆದ್ದವಳ ಹಾಗೆ ಕಾಫಿ ಕುಡಿಯುತ್ತಿದ್ದಳು. "ತಲೆ ಕೈಕೊಟ್ಟ ದಿನ ನಾನು ನಿಮ್ಮನೇಲಿ ಇರಲ್ಲ ಕಣೋ ಮರಿ, ಮೊದಲೇ ಹೇಳಿದೀನಿ. ಅಮ್ಮನ್ನ ನಾನು ನೋಡ್ಕೊಂಡ ಹಂಗೆ ನೀವ್ಯಾರೂ ನನ್ನ ನೋಡ್ಕೋಬಾರ್ದು" ಎನ್ನುತ್ತಿದ್ದಳು. ಐವತ್ತಮೂರು ವರ್ಷದ ನಾನು ಅವಳಿಗೆ ಈಗಲೂ ಮರಿ.

ಇನ್ನು ನನ್ನ ವಿಚಾರ. ನಾನು ಗಾಜಿನ ಕೆಲಸದವನು. ಕಿಟಕಿ, ಅಂಗಡಿಯ ಮುಂಭಾಗ, ಸ್ನಾನದ ಮನೆಯ ಕನ್ನಡಿ, ಎಲ್ಲರ ಮನೆಗೂ ಗಾಜು ಹಾಕಿಕೊಟ್ಟವನಿಗೆ ತನ್ನದೂ ಒಂದು ಇರಲಿ ಅನ್ನಿಸಿ ಎಂಟು ವರ್ಷದ ಹಿಂದೆ ಮುಂದಿನ ಕೋಣೆಯಲ್ಲಿ ಒಂದು ಉಪ್ಪುನೀರಿನ ಅಕ್ವೇರಿಯಂ ಕಟ್ಟಿದೆ. ನಾಲ್ಕಡಿ ಉದ್ದ, ಹನ್ನೆರಡು ಮಿಲಿಮೀಟರ್ ಗಾಜು. ಅಂಚು ಉಜ್ಜಿದ್ದೂ ನಾನೇ, ಸಿಲಿಕಾನ್ ಅಂಟು ಎಳೆದದ್ದೂ ನಾನೇ. ಇವತ್ತಿನವರೆಗೆ ಒಂದು ಹನಿ ಸೋರಿಲ್ಲ. ಉಪ್ಪುನೀರು ಅಂದರೆ ಅಡುಗೆ ಉಪ್ಪು ಸುರಿದು ಕೈತೊಳೆದುಕೊಳ್ಳುವ ಕೆಲಸವಲ್ಲ. ಅದಕ್ಕೇ ಬೇರೆ ಉಪ್ಪು, ಅದನ್ನು ಅಳೆಯಲು ಒಂದು ಉಪಕರಣ, ಆವಿಯಾದಷ್ಟು ಸಿಹಿನೀರು ದಿನವೂ ಸೇರಿಸಬೇಕು, ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕು. ಹೆಂಡತಿ ಒಂದೇ ಷರತ್ತಿನ ಮೇಲೆ ಒಪ್ಪಿದ್ದಳು. "ಕಚ್ಚೋದು, ಚುಚ್ಚೋದು, ವಿಷ ಇರೋದು ಯಾವ್ದೂ ತರ್ಬೇಡಿ. ನನ್ನ ಮಷೀನು ಇರೋದು ಇದೇ ಕೋಣೇಲಿ." ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸುವವರು ಕಡಿಮೆ.

ಟ್ಯಾಂಕು ಕಟ್ಟಿ ಎರಡು ವರ್ಷವಾದಾಗ ಮೀನಂಗಡಿಯವನು, ಅಂದರೆ ಸಾಕುವ ಮೀನಿನ ಅಂಗಡಿಯವನು, ಕೊಟ್ಟ ಒಂದು ಕಲ್ಲಿನ ಜೊತೆ ಒಂದು ಬಗೆಯ ಹವಳ ಬಂತು. ಹವಳ ಅಂದರೆ ಸರಕ್ಕೆ ಪೋಣಿಸುವ ಕೆಂಪು ಮಣಿಯಲ್ಲ. ಇದು ಮೆತ್ತಗಿರುವ, ಮೂಳೆಯಿಲ್ಲದ, ಬದುಕಿರುವ ಪ್ರಾಣಿ. ಒಂದೊಂದೂ ಕೋಟಿನ ಗುಂಡಿಯಷ್ಟು ಅಗಲ, ಸುತ್ತ ಕುಚ್ಚು, ನಡುವೆ ಎಳೆ ಹಸಿರು. ದೀಪ ಹಾಕಿದರೆ ಅರಳುತ್ತದೆ, ಮುಟ್ಟಿದರೆ ಮುದುಡಿ ಕಂದು ಲೋಳೆಯ ಮುದ್ದೆಯಾಗುತ್ತದೆ. ಅಂಗಡಿಯವನು ಬಟನ್ ಕೋರಲ್ ಅನ್ನುತ್ತಿದ್ದ. ಹೊಲಿಗೆಯವಳಿಗೆ ಇನ್ನೇನು ಬೇಕು, ಹೆಂಡತಿ ಅವನ್ನು "ನನ್ನ ಗುಂಡಿಗಳು" ಎಂದು ಕರೆದಳು. ಹೊಲಿದು ಹೊಲಿದು ಕತ್ತು ಹಿಡಿದಾಗ ತಲೆಯೆತ್ತಿ ಸ್ವಲ್ಪ ಹೊತ್ತು ಅವನ್ನೇ ನೋಡುತ್ತ ಕೂರುತ್ತಿದ್ದಳು.

ಒಂದು ತಿಂಗಳಾದ ಮೇಲೆ ಉಪ್ಪು ತರಲು ಹೋದಾಗ ಅಂಗಡಿಯವನು ತಲೆ ಕೆರೆದುಕೊಂಡ. "ಅವತ್ತು ಹೇಳೋದೇ ಬಿಟ್ಟೆ ಸಾರ್. ಆ ಬಟನ್ನಲ್ಲಿ ವಿಷ ಇರಬಹುದು. ಇರಲೇಬೇಕು ಅಂತೇನಿಲ್ಲ. ಕೆಲವದ್ರಲ್ಲಿ ಇರತ್ತೆ, ಕೆಲವದ್ರಲ್ಲಿ ಇರಲ್ಲ, ನೋಡಿ ಹೇಳೋಕಾಗಲ್ಲ. ಗ್ಲೌಸ್ ಇಲ್ದೆ ಮುಟ್ಬೇಡಿ, ಗಾಯ ಇರೋ ಕೈ ಹಾಕ್ಬೇಡಿ, ಕಣ್ಣಿಗೆ ನೀರು ಹಾರಿಸ್ಕೋಬೇಡಿ. ಮುಖ್ಯವಾಗಿ ಬಿಸಿನೀರಿಗೆ ಮಾತ್ರ ಹಾಕ್ಬೇಡಿ. ಕುದಿಸಿದ್ರೆ ಹಬೇಲಿ ವಿಷ ಎದ್ದು ಮನೆಮಂದೀನೆಲ್ಲ ಮಲಗಿಸಿಬಿಡತ್ತೆ."

ಇಷ್ಟು ಮಾತಿನಲ್ಲಿ ನಾನು ಕಿವಿಗೆ ಹಾಕಿಕೊಂಡದ್ದು ನನಗೆ ಬೇಕಾದದ್ದನ್ನು ಮಾತ್ರ, ಇರಲೇಬೇಕು ಅಂತೇನಿಲ್ಲ. ಹೆಂಡತಿಗೆ ಹೇಳಿದರೆ ಗುಂಡಿಗಳ ಹಿಂದೆಯೇ ಟ್ಯಾಂಕೂ ಹೊರಗೆ ಹೋಗುತ್ತದೆ. ಇವತ್ತು ಹೇಳೋಣ, ನಾಳೆ ಹೇಳೋಣ, ಅವಳ ಮನಸ್ಸು ಚೆನ್ನಾಗಿರುವಾಗ ಹೇಳೋಣ ಎಂದುಕೊಳ್ಳುತ್ತ ಆರು ವರ್ಷ ಕಳೆದೆ. ನಾನು ಮಾತ್ರ ಗ್ಲೌಸು ಹಾಕಿಕೊಂಡು ಕೈ ಹಾಕುತ್ತಿದ್ದೆ. ಯಾಕೆ ಎಂದರೆ "ಉಪ್ಪುನೀರಿಗೆ ಕೈ ಒಡೆಯತ್ತೆ" ಎನ್ನುತ್ತಿದ್ದೆ.

ಈ ವರ್ಷ ಗುಂಡಿಗಳು ಮಿತಿಮೀರಿ ಹಬ್ಬಿದವು. ಪಂಪಿನ ಬಾಯಿಗೂ ಬಂದವು. ಪೂರ್ತಿ ಹಬ್ಬಿದ ಒಂದು ಕಲ್ಲನ್ನು ಅಂಗಡಿಯವನಿಗೆ ವಾಪಸು ಕೊಟ್ಟುಬಿಡೋಣ ಎಂದು ಒಂದು ಬುಧವಾರ ಬೆಳಿಗ್ಗೆ ಅದನ್ನು ಎತ್ತಿ, ಟ್ಯಾಂಕಿನದೇ ನೀರು ತುಂಬಿದ ಬಕೆಟ್ಟಿನಲ್ಲಿ ಹಾಕಿ, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಟ್ಟೆಯ ಮೇಲಿಟ್ಟೆ. ಸಂಜೆ ಒಯ್ಯುವ ಯೋಚನೆ. ಅವತ್ತು ನನಗೆ ಒಂದು ಔಷಧಿ ಅಂಗಡಿಯ ಮುಂಭಾಗಕ್ಕೆ ದೊಡ್ಡ ಗಾಜು ಕೂರಿಸುವ ಕೆಲಸವಿತ್ತು. ಹೊರಡುವ ಹೊತ್ತಿಗೆ ಅಕ್ಕ ಬಂದು ಬಕೆಟ್ಟಿನೊಳಗೆ ಬಗ್ಗಿ ನೋಡಿದಳು. ಗುಂಡಿಗಳೆಲ್ಲ ಮುದುಡಿಕೊಂಡು ಕಲ್ಲಿನ ಮೇಲೆ ಕೊಳೆ ಕೂತ ಹಾಗೆ ಕಾಣುತ್ತಿದ್ದವು.

"ಏನೋ ಇದು, ಇಷ್ಟು ಗಲೀಜು?"

ಮುಂದಿನ ಕೋಣೆಯಲ್ಲಿ ಮಷೀನಿನ ಸದ್ದು ಆಗಷ್ಟೇ ನಿಂತಿತ್ತು. ಹೆಂಡತಿ ದಾರ ಬದಲಿಸುತ್ತಿರಬೇಕು. ಗಟ್ಟಿಯಾಗಿ ವಿಷ ಎಂದರೆ ಅವಳಿಗೆ ಕೇಳಿಸುತ್ತದೆ. ನಾನು ದನಿ ತಗ್ಗಿಸಿದೆ.

"ಪಾಚಿ ಹಿಡಿದ ಕಲ್ಲು ಅಕ್ಕ. ಸಂಜೆ ಬಂದು ತೊಳೀತೀನಿ."

"ಹ್ಞೂಂ" ಅಂದಳು ಅಕ್ಕ. ನಾನು ಚೀಲ ಹೆಗಲಿಗೇರಿಸಿ ಹೊರಟೆ. ದಾರಿಯಲ್ಲಿ ಒಂದು ಸಲವೂ ಆ ಬಕೆಟ್ಟಿನ ನೆನಪಾಗಲಿಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಅಕ್ಕನ ಕೈ ಸುಮ್ಮನಿರುವ ಕೈಯಲ್ಲ. ತಮ್ಮ ದಣಿದು ಬಂದು ಕಲ್ಲು ಉಜ್ಜುತ್ತ ಕೂರಬೇಕಾ ಅನ್ನಿಸಿದೆ. ಹನ್ನೊಂದು ಗಂಟೆಗೆ ಮನೆಯ ಅತಿ ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಕಲ್ಲನ್ನು ಮುಳುಗಿಸಿದ್ದಾಳೆ. ಗಾಳಿಗೆ ಒಲೆ ಆರುತ್ತದೆ ಎಂದು ಅಡುಗೆಮನೆಯ ಕಿಟಕಿ ಮುಚ್ಚಿದ್ದಾಳೆ. ಇಪ್ಪತ್ತು ನಿಮಿಷ ಚೆನ್ನಾಗಿ ಕುದಿಸಿ, ಲೋಳೆ ಬಿಟ್ಟುಕೊಂಡ ಮೇಲೆ ಬ್ರಷ್ಷಿನಲ್ಲಿ ಉಜ್ಜಿದ್ದಾಳೆ. ಹೆಂಡತಿ ಕಾಫಿ ಮಾಡಲು ಒಳಗೆ ಹೋಗಿ, ಹಬೆಯಲ್ಲೇ ನಿಂತು, "ಅತ್ತಿಗೆ, ಕಲ್ಲು ಹೊಸದರ ಹಂಗಾಯ್ತಲ್ಲ" ಎಂದು ಹೊಗಳಿ ಬಂದಿದ್ದಾಳೆ.

ಎರಡು ಗಂಟೆಗೆ ನಾವು ನಾಲ್ಕು ಜನ ಸೇರಿ ಆ ದೊಡ್ಡ ಗಾಜನ್ನು ಎತ್ತಿ ಚೌಕಟ್ಟಿಗೆ ಕೂರಿಸುತ್ತಿದ್ದಾಗ ನನ್ನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಗಾಜು ಕೈಯಲ್ಲಿದ್ದಾಗ ಮನೆಗೆ ಬೆಂಕಿ ಬಿದ್ದರೂ ಫೋನು ತೆಗೆಯುವಂತಿಲ್ಲ, ಅದು ನಮ್ಮ ಕೆಲಸದ ಶಿಸ್ತು. ಮೂರು ಸಲ ಬಡಿದುಕೊಂಡು ನಿಂತಿತು. ಗಾಜು ಕೂತ ಮೇಲೆ ನಾನೇ ಮಾಡಿದೆ.

"ರೀ, ಅತ್ತಿಗೆಗೆ ಕೆಮ್ಮು ನಿಲ್ತಾನೇ ಇಲ್ಲ" ಅಂದಳು ಹೆಂಡತಿ. "ಎದೆ ಹಿಡ್ಕೊಂಡಂಗಾಗ್ತಿದೆ ಅಂತಾರೆ. ನಂಗೂ ಚಳಿ ಹತ್ಕೊಂಡಿದೆ. ಬಾಯೆಲ್ಲ ಕಬ್ಬಿಣ ನೆಕ್ಕಿದ ಹಂಗಿದೆ."

"ಏನು ತಿಂದ್ರಿ?"

"ದಿನಾ ತಿನ್ನೋದೇ. ಅತ್ತಿಗೆ ನಿಮ್ಮ ಕಲ್ಲೊಂದನ್ನ ಕುದಿಸಿ ಕ್ಲೀನ್ ಮಾಡಿದ್ರು, ಅದು ಬಿಟ್ರೆ ಇನ್ನೇನಿಲ್ಲ."

"ಇಬ್ರೂ ಈಗಲೇ ಹೊರಗೆ ಬನ್ನಿ. ಏನೂ ತಗೋಬೇಡಿ. ಬಾಗಿಲು ತೆಗೆದಿಟ್ಟು ಬೀದಿಗೆ ಬಂದು ನಿಂತ್ಕೊಳ್ಳಿ, ಬಂದೆ" ಎಂದು ಕೂಗಿದೆ.

ಆಸ್ಪತ್ರೆಯಲ್ಲಿ ನಾನು ಡಾಕ್ಟರನ್ನು ಕಾರಿಡಾರಿಗೆ ಕರೆದು ಹವಳದ ವಿಷಯ ಹೇಳಿದೆ. ಅಷ್ಟು ಬುದ್ಧಿಯಾದರೂ ಇತ್ತು. ಅವರು ಎಲ್ಲಿಗೋ ಫೋನು ಮಾಡಿ ವಿಚಾರಿಸಿಕೊಂಡು ಬಂದರು. ಇದಕ್ಕೆಂದೇ ಬೇರೆ ಮದ್ದಿಲ್ಲ, ಆಕ್ಸಿಜನ್ ಕೊಟ್ಟು ನೋಡಿಕೊಳ್ಳುತ್ತೇವೆ, ಜೀವಕ್ಕೆ ಭಯವಿಲ್ಲ ಅನ್ನಿಸುತ್ತದೆ ಎಂದರು. ಆಮೇಲೆ ಬರೆದುಕೊಳ್ಳುತ್ತಲೇ ಕೇಳಿದರು.

"ಮನೆಯವರಿಗೆ ಹೇಳಿರಲಿಲ್ವಾ, ಇದನ್ನ ಮುಟ್ಟಬಾರ್ದು ಅಂತ?"

"ಹೇಳಿದ್ದೆ ಅನ್ಸತ್ತೆ" ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಮಾತು. ಬಾಯಿಂದ ಅದು ಬಿದ್ದ ಕೂಡಲೇ ನನಗೆ ಹಗುರವೆನಿಸಿತು. ನಾಚಿಕೆಗೆಟ್ಟ ಹಗುರ.

ಹೆಂಡತಿಯನ್ನು ಮರುದಿನವೇ ಮನೆಗೆ ಕಳಿಸಿದರು. ಅಕ್ಕ ಪಾತ್ರೆಯ ಮೇಲೇ ಬಗ್ಗಿ ಉಜ್ಜಿದ್ದವಳು, ಅವಳಿಗೆ ನಾಲ್ಕು ದಿನ ಬೇಕಾಯಿತು. ಎರಡನೆಯ ದಿನ ಅವಳ ಮಂಚದ ಪಕ್ಕ ನಾನೂ ಹೆಂಡತಿಯೂ ನಿಂತಿದ್ದಾಗ ಡಾಕ್ಟರು ಬಂದರು. ಒಳ್ಳೆಯ ಮನುಷ್ಯ, ನಗುತ್ತಲೇ ಹೇಳಿದರು.

"ನಿಮ್ಮ ತಮ್ಮ ಮುಟ್ಟಬೇಡಿ ಅಂತ ಹೇಳಿದ್ರೂ ಕೇಳ್ಲಿಲ್ವಂತಲ್ಲಮ್ಮ. ಆ ಪ್ರಾಣೀಲಿ ವಿಷ ಇತ್ತು. ಹಬೇಲಿ ಬಂದು ನಿಮ್ಮ ಎದೆಗೆ ಹೋಗಿದೆ."

ಅವರು ಹೋದ ಮೇಲೆ ಅಕ್ಕ ಮುಖದ ಮೇಲಿನ ಮಾಸ್ಕು ಸರಿಸಿ ನನ್ನನ್ನು ನೋಡಿದಳು.

"ಹೇಳಿದ್ಯೇನೋ?"

ಹೆಂಡತಿ ಪಕ್ಕದಲ್ಲೇ ಇದ್ದಳು. "ಹೇಳಿದ್ದೆ ಅಕ್ಕ. ಅವತ್ತು ಬೆಳಿಗ್ಗೆ. ಅದನ್ನ ಮುಟ್ಬೇಡ, ವಾಪಸು ಕೊಡೋದಿದೆ ಅಂದಿದ್ದೆ." ಹೆಂಡತಿಯ ಕಡೆ ತಿರುಗಿ, "ನಂಗೂ ಮೊನ್ನೆ ಮೊನ್ನೆ ಗೊತ್ತಾಯ್ತು, ಅದಕ್ಕೇ ತೆಗೆದಿಟ್ಟಿದ್ದೆ. ಉಳಿದದ್ದನ್ನೂ ಬೇಗ ಕೊಟ್ಟುಬಿಡ್ತೀನಿ" ಎಂದೂ ಸೇರಿಸಿದೆ. ಸುಳ್ಳು ಒಂದಾದ ಮೇಲೆ ಎರಡನೆಯದು ಕಷ್ಟವಾಗಲಿಲ್ಲ.

ಅಕ್ಕ ಮಾಸ್ಕಿನ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆಮೇಲೆ, "ನಂಗೆ ನೆನಪೇ ಇಲ್ವಲ್ಲೋ" ಎಂದು ಮಾಸ್ಕು ಮತ್ತೆ ಹಾಕಿಕೊಂಡಳು.

ಮನೆಗೆ ಬಂದ ಅಕ್ಕ ಬೇರೆಯೇ ಅಕ್ಕ. ಬೆಳಿಗ್ಗೆ ಕತ್ತರಿ ಚಿಮುಟಗಳ ಪಟ್ಟಿ ಕೇಳಿಸಲಿಲ್ಲ. ಒಂದು ದಿನ ಶುರುಮಾಡಿದ್ದು ಕೇಳಿಸಿತು, ಹನ್ನೆರಡನೆಯದಕ್ಕೆ ನಿಲ್ಲಿಸಿಬಿಟ್ಟಳು. ಮರೆತಳೋ ಹೆದರಿದಳೋ ತಿಳಿಯದು. ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ. "ಈ ಲೋಟ ತೊಳೀಬಹುದೇನಮ್ಮ?" ಎಂದು ನನ್ನ ಹೆಂಡತಿಯನ್ನು ಕೇಳಿ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿದೆನೋ ಇಲ್ಲವೋ ಎಂದು ಹೋಗ್ತಾ ಬರ್ತಾ ಮುಟ್ಟಿ ನೋಡುತ್ತಿದ್ದಳು. ಮನೆಯ ಹೊಸ ಬಾಚಣಿಗೆಗಳೆಲ್ಲ ನೆಟ್ಟಗೆ ಇದ್ದವು, ಅದನ್ನು ನೋಡಿದರೆ ನನಗೆ ಅಳು ಬರುವಂತಾಗುತ್ತಿತ್ತು.

ಅದಕ್ಕಿಂತ ಕೆಟ್ಟದ್ದು, ಅವಳು ನನ್ನನ್ನೇ ಕೇಳಿ ಕೇಳಿ ತನ್ನ ನೆನಪನ್ನು ಸರಿಮಾಡಿಕೊಳ್ಳಲು ನೋಡುತ್ತಿದ್ದುದು.

"ಅವತ್ತು ಎಲ್ಲಿ ನಿಂತು ಹೇಳ್ದೆ?"

"ಹಿತ್ತಿಲ ಬಾಗಿಲಲ್ಲಿ."

"ನಾನು ಏನಂದೆ?"

"ಆಯ್ತು ಅಂದೆ."

"ಹ್ಞೂಂ, ಇರಬಹುದು" ಎನ್ನುತ್ತಿದ್ದಳು. ಕಣ್ಣು ಮುಚ್ಚಿ, ನಾನು ಕಟ್ಟಿಕೊಟ್ಟದ್ದನ್ನು ತಲೆಯೊಳಗೆ ಕೂರಿಸಿಕೊಳ್ಳುವ ಪ್ರಯತ್ನ. ಚೌಕಟ್ಟಿಗೆ ಹೊಂದದ ಗಾಜನ್ನು ಒತ್ತಿ ಕೂರಿಸುವವರನ್ನು ನಾನು ಕಂಡಿದ್ದೇನೆ. ಗಾಜು ಒಡೆಯುತ್ತದೆ. ಆದರೂ ನಾನು ತುಟಿಪಿಟಿಕ್ಕೆನ್ನಲಿಲ್ಲ. ಇಷ್ಟು ದಿನವಾದ ಮೇಲೆ ಹೇಳಿದರೆ ಮೊದಲ ದಿನ ಹೇಳಿದ್ದಕ್ಕಿಂತ ಜಾಸ್ತಿ ಬೈಗುಳ ಎಂಬ ಲೆಕ್ಕ ನನ್ನದು. ನಾನು ಹೇಡಿ, ಅದನ್ನು ಬೇರೆ ಮಾತಿನಲ್ಲಿ ಹೇಳಲು ಹೋಗುವುದಿಲ್ಲ.

ಹತ್ತು ದಿನ ಕಳೆದ ಮೇಲೆ ಊಟದ ಹೊತ್ತಿನಲ್ಲಿ ಅಕ್ಕ ಸಮಾಧಾನವಾಗಿ ಹೇಳಿದಳು. ಮರೆವಿನವರನ್ನು ನೋಡಿಕೊಳ್ಳುವ ಒಂದು ಮನೆ ಇದೆ, ಅಲ್ಲಿನ ಮೇಲ್ವಿಚಾರಕಿ ಅವಳ ಜೊತೆ ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳು. ಮಾತಾಡಿ ಆಗಿದೆ. ಶನಿವಾರ ಬೆಳಿಗ್ಗೆ ವ್ಯಾನು ಬರುತ್ತದೆ.

"ಅತ್ತಿಗೆ, ಒಂದು ಸಲ ಮರೆತ್ರಿ ಅಂತ ಯಾರಾದ್ರೂ ಮನೆ ಬಿಟ್ಟು ಹೋಗ್ತಾರಾ?" ಹೆಂಡತಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ನಾನು ದಿನಕ್ಕೆ ಹತ್ತು ಸಲ ಕತ್ತರಿ ಎಲ್ಲಿಟ್ಟೆ ಅಂತ ಮರೀತೀನಿ."

"ನೀನು ಕತ್ತರಿ ಮರೆತ್ರೆ ಬಟ್ಟೆ ಕೆಡತ್ತೆ ಕಣಮ್ಮ. ನಾನು ಮರೆತಿದ್ದಕ್ಕೆ ನೀನು ಸಾಯ್ತಿದ್ದೆ. ಅಮ್ಮನಿಗೂ ಹೀಗೇ ಶುರುವಾಗಿದ್ದು."

ಹೆಂಡತಿ ನನ್ನ ಕಡೆ ನೋಡಿದಳು. "ನೀವಾದ್ರೂ ಹೇಳ್ರೀ." ನಾನು ತಟ್ಟೆಯ ಕಡೆ ನೋಡಿ, "ಅಕ್ಕನ ಇಷ್ಟ" ಎಂದೆ. ಅವಳು ಅವತ್ತೆಲ್ಲ ನನ್ನ ಜೊತೆ ಮಾತಾಡಲಿಲ್ಲ. ಕಾರಣ ಗೊತ್ತಿಲ್ಲದೆಯೂ ಅವಳ ಸಿಟ್ಟು ಸರಿಯಾದ ವಿಳಾಸಕ್ಕೇ ಬಂದಿತ್ತು.

ಶನಿವಾರ ಬೆಳಿಗ್ಗೆ ಅಕ್ಕ ಎಂಟು ಗಂಟೆಗೇ ತಯಾರಾಗಿ ಕೂತಳು. ಒಂದು ಸೂಟ್‌ಕೇಸು, ಒಂದು ಕೈಚೀಲ. ಮಷೀನಿನ ಸದ್ದಿಲ್ಲ, ಹೆಂಡತಿ ಕೆಲಸ ಹಿಡಿಯದೆ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದಳು. ಟ್ಯಾಂಕಿನಲ್ಲಿ ದೀಪ ಹೊತ್ತಿ, ಉಳಿದ ಗುಂಡಿಗಳು ಆಗತಾನೇ ಅರಳುತ್ತಿದ್ದವು. ಅಕ್ಕ ಕೈಚೀಲದಿಂದ ಒಂದು ರಟ್ಟಿನ ತುಂಡು, ಒಂದು ದಪ್ಪ ಪೆನ್ನು ತೆಗೆದು ನನ್ನ ಮುಂದಿಟ್ಟಳು.

"ನನ್ನ ಹೆಸರು, ನಿನ್ನ ಹೆಸರು, ನಿನ್ನ ಫೋನ್ ನಂಬರು ದಪ್ಪಕ್ಕೆ ಬರ್ಕೊಡೋ. ʻತಮ್ಮʼ ಅಂತಾನೂ ಬರಿ, ಇಲ್ದಿದ್ರೆ ಯಾರದೋ ಹೆಸರು ಅಂದ್ಕೋತೀನಿ. ಈಗೇನೋ ಗೊತ್ತು, ಇನ್ನು ಸ್ವಲ್ಪ ದಿನ ಹೋದ್ರೆ ಬೇಕಾಗತ್ತೆ. ಅಮ್ಮನಿಗೆ ನಾನೂ ಹೀಗೇ ಬರೆದು ಕುತ್ತಿಗೆಗೆ ಹಾಕಿದ್ದೆ."

ಪೆನ್ನು ಹಿಡಿದೆ. ಅವಳ ಹೆಸರು ಬರೆದೆ. ನನ್ನ ಹೆಸರು ಬರೆದೆ. ʻತʼ ಬರೆದು ಪೆನ್ನು ಕೆಳಗಿಟ್ಟೆ. ಮೂವತ್ತು ವರ್ಷ ಗಾಜಿನ ಮೇಲೆ ಗೆರೆ ಎಳೆದ ಕೈಗೆ ಅದರ ಮುಂದಿನ ಅಕ್ಷರ ಬರೆಯಲಾಗಲಿಲ್ಲ.

"ಅಕ್ಕ, ನಾನು ಹೇಳಿರಲಿಲ್ಲ."

"ಏನು?"

"ಅವತ್ತು. ಮುಟ್ಬೇಡ ಅಂತ ನಾನು ನಿಂಗೆ ಹೇಳಿರಲೇ ಇಲ್ಲ. ಡಾಕ್ಟರ ಹತ್ರ ಸುಳ್ಳು ಹೇಳ್ದೆ, ಆಮೇಲೆ ನಿನ್ನ ಹತ್ರ. ನೀನೇನೂ ಮರೆತಿಲ್ಲ ಅಕ್ಕ. ಮರೆಯೋಕೆ ಅಲ್ಲಿ ಏನೂ ಇರಲಿಲ್ಲ."

ಅಕ್ಕ ನನ್ನ ಬಾಯನ್ನೇ ನೋಡುತ್ತಿದ್ದಳು. ಆಮೇಲೆ ಒಂದೊಂದೇ ಮಾತಾಗಿ ಹೇಳಿದಳು. "ʻಪಾಚಿ ಹಿಡಿದ ಕಲ್ಲು ಅಕ್ಕ. ಸಂಜೆ ಬಂದು ತೊಳೀತೀನಿ.ʼ ಹಂಗೇ ಅಲ್ವೇನೋ ನೀನು ಅಂದಿದ್ದು?"

"ಹಂಗೇ."

"ಮೆತ್ತಗೆ ಅಂದೆ. ಯಾಕಿಷ್ಟು ಮೆತ್ತಗೆ ಮಾತಾಡ್ತಾನೆ, ಗಂಟಲು ಸರಿಯಿಲ್ವಾ ಅಂದ್ಕೊಂಡೆ." ನನ್ನ ಮುಂದಿದ್ದ ರಟ್ಟನ್ನು ಎಳೆದುಕೊಂಡಳು. "ಆಸ್ಪತ್ರೇಲಿ ಮಲಗಿದಾಗಿಂದ ನಂಗೆ ಅದೇ ನೆನಪಾಗ್ತಿತ್ತು ಕಣೋ. ನಾನೇ ಕಟ್ಕೊಂಡಿದೀನಿ ಅಂದ್ಕೊಂಡೆ. ಅಮ್ಮ ಕಟ್ಕೋತಿದ್ಳಲ್ಲ, ಹಂಗೆ. ನಿಜವಾಗಿ ನೆನಪಿರೋದನ್ನ ಒರೆಸಿ ಒರೆಸಿ ಹಾಕ್ತಿದ್ದೆ."

ಅಮ್ಮ ಹೋದಾಗಲೂ ಅಳದ ಅಕ್ಕ ಆಗ ಅತ್ತಳು, ಸೆರಗು ಬಾಯಿಗಿಟ್ಟುಕೊಂಡು, ಕೆಮ್ಮುತ್ತ. ನಾನು ಹತ್ತಿರ ಹೋದೆ. ಕೈಯಡ್ಡ ಹಿಡಿದು ತಡೆದಳು.

ಹೆಂಡತಿ ಸ್ಟೂಲಿನಿಂದ ಎದ್ದು ಬಂದಳು. "ಇದ್ರಲ್ಲಿ ವಿಷ ಇರೋದು ನಿಮಗೆ ಎಷ್ಟು ದಿನದಿಂದ ಗೊತ್ತಿತ್ತು?"

ಒಂದು ತಿಂಗಳು ಎನ್ನಬಹುದಿತ್ತು. ನಂಬುತ್ತಿದ್ದಳು. "ಆರು ವರ್ಷದಿಂದ" ಎಂದೆ.

"ಹೋದ ವರ್ಷ ದಾರದ ಬಾಬಿನ್ ಟ್ಯಾಂಕ್ ಒಳಗೆ ಬಿತ್ತು ಅಂತ ನಾನು ಕೈ ಹಾಕಿ ತೆಗೆದ್ನಲ್ಲ, ಆಗ?"

"ಗೊತ್ತಿತ್ತು."

"ಸೋಪು ಹಾಕಿ ತೊಳ್ಕೋ, ಉಪ್ಪುನೀರು ಅಂದ್ರಿ."

"ಹೌದು."

ಅವಳು ತನ್ನ ಬೆರಳ ತುದಿಗಳನ್ನು ನೋಡಿಕೊಂಡಳು. ಹೊಲಿಗೆಯವಳ ಬೆರಳು, ಸೂಜಿ ಚುಚ್ಚದ ದಿನವಿಲ್ಲ. ಅವಳು ಕೂಗಾಡಿದ್ದರೆ ನನಗೆ ಚೆನ್ನಾಗಿರುತ್ತಿತ್ತು. ಕೂಗಲಿಲ್ಲ. ಅಕ್ಕನ ಪಕ್ಕ ಹೋಗಿ ಕೂತು ಅವಳ ಬೆನ್ನು ನೇವರಿಸತೊಡಗಿದಳು. ನಾನು ನನ್ನ ಮನೆಯಲ್ಲೇ ಬಂದ ನೆಂಟನ ಹಾಗೆ ನಿಂತಿದ್ದೆ.

ಅಷ್ಟರಲ್ಲಿ ವ್ಯಾನು ಬಂತು. ಅಕ್ಕ ಮುಖ ಒರೆಸಿಕೊಂಡು ತಾನೇ ಬಾಗಿಲಿಗೆ ಹೋದಳು.

"ನಾನು ಬರಲ್ಲಪ್ಪ. ನನ್ನ ತಲೆ ಸರಿಯಾಗಿದೆ."

ಡ್ರೈವರು ತುಂಬ ಮೃದುವಾಗಿ, "ಎಲ್ರೂ ಹಂಗೇ ಅಂತಾರಮ್ಮ, ಬನ್ನಿ ಕೂತ್ಕೊಳ್ಳಿ" ಅಂದ. ಪಾಪ, ಅವನು ದಿನಾ ಕೇಳುವ ಮಾತು ಅದು. ಅಕ್ಕ ಅವನ ಕೈಯಿಂದಲೇ ಫೋನು ಇಸಿದುಕೊಂಡು ಮೇಲ್ವಿಚಾರಕಿಯ ಜೊತೆ ಮಾತಾಡಿದಳು. ಆಸ್ಪತ್ರೆಯ ಹಳೆಯ ದನಿಯಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಹೌದು, ತಪ್ಪು ನಂದಲ್ಲ. ಇಲ್ಲ, ನನ್ನ ತಮ್ಮಂದು. ಅವನಿಗೆ ನಿಮ್ಮಲ್ಲಿ ಜಾಗ ಇದ್ಯಾ?" ಎಂದಳು. ಆ ಕಡೆಯಿಂದ ನಗು ನನಗೂ ಕೇಳಿಸಿತು. ಅಕ್ಕ ನಗಲಿಲ್ಲ.

ಅಂದೇ ಮಧ್ಯಾಹ್ನ ಅಂಗಡಿಯವನನ್ನು ಕರೆಸಿದೆ. ಅವನು ಉದ್ದ ಗ್ಲೌಸು, ಕನ್ನಡಕ ಹಾಕಿಕೊಂಡು ಗುಂಡಿ ಹಬ್ಬಿದ ಕಲ್ಲುಗಳನ್ನೆಲ್ಲ ನೀರಿನೊಳಗೇ ಡಬ್ಬಿಗಳಿಗೆ ತುಂಬಿಕೊಂಡ. ಹೆಂಡತಿ ಕೊನೆಯ ಕಲ್ಲು ಹೋಗುವವರೆಗೂ ಕಣ್ಣು ತೆಗೆಯದೆ ನೋಡಿದಳು. ಅವಳಿಗೆ ಅವು ಇಷ್ಟವಾಗಿದ್ದವು ಅನ್ನುವುದೂ ನನ್ನ ತಲೆ ತಗ್ಗಿಸಿತು. "ಟ್ಯಾಂಕನ್ನೂ ತೆಗೆದುಬಿಡ್ಲಾ?" ಎಂದು ಕೇಳಿದೆ.

"ಟ್ಯಾಂಕು ಇರ್ಲಿ" ಅಂದಳು. "ಮೀನುಗಳೇನು ಸುಳ್ಳು ಹೇಳಿಲ್ಲವಲ್ಲ."

ಸಂಜೆ ಅಕ್ಕ ಸೂಟ್‌ಕೇಸು ಬಿಚ್ಚಿ ಬಟ್ಟೆಗಳನ್ನು ಕಪಾಟಿಗೆ ಜೋಡಿಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ.

"ಅಕ್ಕ, ತುಂಬಾ ಸಿಟ್ಟು ಇದ್ಯಾ?"

"ಇದೆ." ಒಂದು ಸೀರೆಯನ್ನು ಮಡಿಸಿ, ಮಡಿಕೆ ಸರಿಬಾರದೆ ಬಿಚ್ಚಿ, ಮತ್ತೆ ಮಡಿಸಿದಳು. "ಸಿಟ್ಟು ಹೋಗತ್ತೆ ಬಿಡು, ಅದೆಷ್ಟು ದಿನ ಇರತ್ತೆ. ಆದ್ರೆ ಅಕ್ಕ ಒಂದು ದಿನ ಮರೆತುಬಿಡ್ತಾಳೆ ಅಂತ ಮಾತ್ರ ಕಾಯ್ಬೇಡ."

"ಇಲ್ಲ ಅಕ್ಕ" ಎಂದೆ.